ಸ್ಟ್ರೈಕ್ ರೇಟ್‌ಗೆ, ಎಕಾನಮಿಗೆ ಎಷ್ಟು ಅಂಕ? ನಮ್ಮ ಐಪಿಎಲ್ ಫ್ಯಾಂಟಸಿ ಲೀಗ್‌ನ ನಿಯಮ ಬದಲಿಸೋಣವೇ

ಬಸವನಗುಡಿ_ಬ್ಯಾಟ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಹರಾಜಿಗೆ ಇನ್ನು ಮೂರು ವಾರ ಇದೆ. ಅಷ್ಟರೊಳಗೆ ಒಂದು ವಿಷಯ ಇತ್ಯರ್ಥ ಆಗಬೇಕು ಅಂತ ಇದನ್ನ ಬರೀತಿದ್ದೀನಿ.

ಹೊಸದಾಗಿ ಸೇರಿದವರಿಗೆ ಒಂದು ಮಾತು. ಫ್ಯಾಂಟಸಿ ಲೀಗ್ ಅಂದ್ರೆ ನಿಜವಾದ ಆಟಗಾರರನ್ನ ನಮ್ಮೊಳಗೇ ಹರಾಜು ಹಾಕಿ ತಂಡ ಕಟ್ಟಿ, ಅವರು ಪಂದ್ಯದಲ್ಲಿ ಆಡಿದ್ದಕ್ಕೆ ಅಂಕ ಎಣಿಸೋ ಆಟ. ನಮ್ಮದು ದುಡ್ಡಿನ ಆಟ ಅಲ್ಲ, ಯಾವತ್ತೂ ಆಗಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಬಂದು ಹಣ ಕಟ್ಟಿ ಆಡೋ ಫ್ಯಾಂಟಸಿ ಆಟಗಳೆಲ್ಲ ನಿಂತಾಗಲೂ ನಮಗೇನೂ ತೊಂದರೆ ಆಗಲಿಲ್ಲ. ಹತ್ತು ಜನ, ಒಂದು ಶೀಟು, ಪಂದ್ಯ ಮುಗಿದ ಮೇಲೆ ಸ್ಕೋರ್‌ಕಾರ್ಡ್ ನೋಡಿ ನಾವೇ ಅಂಕ ತುಂಬೋದು. ನಿಯಮ ನಮ್ಮದೇ ಆದ್ದರಿಂದ ಅದನ್ನ ಸರಿ ಮಾಡೋ ಜವಾಬ್ದಾರಿಯೂ ನಮ್ಮದೇ.

ಈಗಿರೋ ನಿಯಮ: ರನ್‌ಗೆ 1, ಫೋರ್‌ಗೆ ಮೇಲೆ 1, ಸಿಕ್ಸ್‌ಗೆ ಮೇಲೆ 2, ವಿಕೆಟ್‌ಗೆ 25. ಕನಿಷ್ಠ ಎರಡು ಓವರ್ ಹಾಕಿದ ಬೌಲರ್‌ಗೆ ಎಕಾನಮಿ (ಓವರ್‌ಗೆ ಸರಾಸರಿ ಕೊಟ್ಟ ರನ್) 5ಕ್ಕಿಂತ ಕಡಿಮೆ ಇದ್ದರೆ 6 ಅಂಕ, 5ರಿಂದ 6ಕ್ಕೆ 4, 6ರಿಂದ 7ಕ್ಕೆ 2. ಹತ್ತು ಮುಟ್ಟಿದರೆ ಮೈನಸ್ 2, ಹನ್ನೊಂದು ದಾಟಿದರೆ ಮೈನಸ್ 4, ಹನ್ನೆರಡು ದಾಟಿದರೆ ಮೈನಸ್ 6. ಕನಿಷ್ಠ ಹತ್ತು ಎಸೆತ ಆಡಿದ ಬ್ಯಾಟರ್‌ಗೆ ಸ್ಟ್ರೈಕ್ ರೇಟ್ (ನೂರು ಎಸೆತಕ್ಕೆ ಎಷ್ಟು ರನ್ ಅನ್ನೋ ಲೆಕ್ಕ) 130 ದಾಟಿದರೆ 2, 150 ದಾಟಿದರೆ 4, 170 ದಾಟಿದರೆ 6. 70ಕ್ಕಿಂತ ಕೆಳಗಿಳಿದರೆ ಕಡಿತ. ಇದು ನಾವು ಆ್ಯಪ್‌ಗಳಲ್ಲಿ ನೋಡಿ ತಂದ ಪದ್ಧತಿ.

ನನ್ನ ತಕರಾರು 2025ರ ಫೈನಲ್‌ನಿಂದ ಶುರುವಾಯ್ತು. ಜೂನ್ 3, ಅಹಮದಾಬಾದ್. ಆರ್‌ಸಿಬಿ 190ಕ್ಕೆ 9, ಪಂಜಾಬ್ 184ಕ್ಕೆ 7, ನಾವು ಗೆದ್ದದ್ದು 6 ರನ್‌ಗಳಿಂದ. ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ 17 ಕೊಟ್ಟು 2 ವಿಕೆಟ್, ಪಂದ್ಯಶ್ರೇಷ್ಠ. ಆ ರಾತ್ರಿ ಶೀಟ್ ತುಂಬಿದಾಗ ಬೌಲಿಂಗ್‌ನಲ್ಲಿ ಅವರಿಗೆ ಬಂದದ್ದು 50 ಮತ್ತು 6, ಒಟ್ಟು 56. ಅರ್ಷದೀಪ್ 40 ಕೊಟ್ಟು 3 ವಿಕೆಟ್, 73 ಅಂಕ. ಕೈಲ್ ಜೇಮಿಸನ್ 48 ಕೊಟ್ಟು 3 ವಿಕೆಟ್, 71 ಅಂಕ. ಫೈನಲ್ ಗೆಲ್ಲಿಸಿದ ಸ್ಪೆಲ್, ಓವರ್‌ಗೆ 12ರಂತೆ ಹೊಡೆಸಿಕೊಂಡ ಸ್ಪೆಲ್‌ಗಿಂತ 15 ಅಂಕ ಕಡಿಮೆ. ಕಪ್ ಗೆದ್ದ ಖುಷಿಯಲ್ಲಿ ಅವತ್ತು ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಅದು ಮನಸ್ಸಲ್ಲೇ ಉಳೀತು.

ನನ್ನ ಪ್ರಸ್ತಾಪ ಹೀಗಿದೆ: 5, 6, 7 ಅನ್ನೋ ಗೆರೆಗಳನ್ನ ಬಿಟ್ಟುಬಿಡೋಣ. ಆ ಪಂದ್ಯದ ರನ್ ರೇಟನ್ನೇ ಅಳತೆಗೋಲು ಮಾಡೋಣ. ಫೈನಲ್‌ನಲ್ಲಿ 240 ಎಸೆತಕ್ಕೆ 374 ರನ್, ಅಂದ್ರೆ ಎಸೆತಕ್ಕೆ ಸುಮಾರು 1.56. ಆ ದರದಲ್ಲಿ 24 ಎಸೆತಕ್ಕೆ 37 ರನ್ ಹೋಗಬೇಕಿತ್ತು. ಕೃಣಾಲ್ ಕೊಟ್ಟದ್ದು 17. ಉಳಿಸಿದ 20 ರನ್‌ಗೆ 20 ಅಂಕ, ಒಟ್ಟು 70. ಅರ್ಷದೀಪ್‌ಗೆ ಮೈನಸ್ 3, ಒಟ್ಟು 72. ಜೇಮಿಸನ್‌ಗೆ ಮೈನಸ್ 11, ಒಟ್ಟು 64. ಇದು ನಾವು ಕಣ್ಣಾರೆ ನೋಡಿದ ಪಂದ್ಯಕ್ಕೆ ಹತ್ತಿರ ಇದೆ. ಬ್ಯಾಟಿಂಗ್‌ಗೂ ಇದೇ ಲೆಕ್ಕ ಹಾಕಬಹುದು. ಏನಂತೀರಿ?

ಕುಡ್ಲ_ಕೀಪರ್

ಒಳ್ಳೆ ವಿಷಯ ಎತ್ತಿದಿರಿ ಮಾರಾಯ್ರೆ. 2024ರ ಏಪ್ರಿಲ್ 15ರ ಚಿನ್ನಸ್ವಾಮಿ ಪಂದ್ಯಕ್ಕೆ ಇದನ್ನ ಹಾಕಿ ನೋಡಿದೆ. ಹೈದರಾಬಾದ್ 287, ಆರ್‌ಸಿಬಿ 262, ಒಟ್ಟು 549. ಓವರ್‌ಗೆ 13.7 ರನ್! ಅಲ್ಲಿ ಪ್ಯಾಟ್ ಕಮಿನ್ಸ್ ನಾಲ್ಕು ಓವರ್‌ಗೆ 43 ಕೊಟ್ಟು 3 ವಿಕೆಟ್ ತೆಗೆದರು. ನಮ್ಮ ಹಳೇ ನಿಯಮದಲ್ಲಿ ಎಕಾನಮಿ 10.75 ಅಂತ ಮೈನಸ್ 2 ಹಾಕಿದ್ದೇವೆ. ಪಂದ್ಯದ ದರದಲ್ಲಿ 24 ಎಸೆತಕ್ಕೆ 55 ಹೋಗಬೇಕಿತ್ತು. ಮನುಷ್ಯ 12 ರನ್ ಉಳಿಸಿದ್ದಾರೆ, ನಾವು ದಂಡ ಹಾಕಿದ್ದೇವೆ. ಇದು ಅನ್ಯಾಯ ಅಲ್ಲದೆ ಮತ್ತೇನು?

ನನ್ನ ಓಟು ಹೊಸ ನಿಯಮಕ್ಕೆ.

18_ನಂಬರ್_ಜೆರ್ಸಿ

ಒಂದು ನಿಮಿಷ. ಎಲ್ಲರೂ ಬೌಲರ್ ಲೆಕ್ಕ ಮಾತ್ರ ಹೇಳ್ತಿದ್ದೀರಿ. ಬ್ಯಾಟಿಂಗ್‌ಗೆ ಹಾಕಿದ್ರೆ ಏನಾಗುತ್ತೆ ಅಂತ ನಾನು ನೋಡಿದೆ, ನನಗೆ ಒಪ್ಪಿಗೆ ಇಲ್ಲ.

ಫೈನಲ್‌ನಲ್ಲಿ ಕೊಹ್ಲಿ 35 ಎಸೆತಕ್ಕೆ 43. ಈ ಲೆಕ್ಕದಲ್ಲಿ 35 ಎಸೆತಕ್ಕೆ 54 ಹೊಡೀಬೇಕಿತ್ತಂತೆ, ಹಾಗಾಗಿ ಮೈನಸ್ 11. ಅವತ್ತು ನಮ್ಮ ಟೀಮಲ್ಲಿ ಬೇರೆ ಯಾರೂ 26 ದಾಟಿಲ್ಲ. ಪಾಟೀದಾರ್ 26, ಲಿವಿಂಗ್‌ಸ್ಟನ್ 25, ಮಯಾಂಕ್ 24, ಜಿತೇಶ್ 24. ಒಂದು ಕಡೆ ಒಬ್ಬ ನಿಂತಿದ್ದಕ್ಕೇ ಉಳಿದವರು ಬಂದು ಬೀಸೋಕೆ ಧೈರ್ಯ ಮಾಡಿದ್ದು. ಗೆದ್ದದ್ದು 6 ರನ್ನಿಂದ. ಆ 43 ಇಲ್ಲದಿದ್ರೆ?

ಇನ್ನು ಕೀಪರ್ ಅವರು ಹೇಳಿದ ಚಿನ್ನಸ್ವಾಮಿ ಪಂದ್ಯದಲ್ಲೂ ನೋಡಿ: ಕೊಹ್ಲಿ 20 ಎಸೆತಕ್ಕೆ 42. ಸ್ಟ್ರೈಕ್ ರೇಟ್ 210. ನಿಮ್ಮ ಹೊಸ ಲೆಕ್ಕದಲ್ಲಿ ಅದಕ್ಕೂ ಮೈನಸ್ 4 ಬರುತ್ತೆ! 288 ಬೆನ್ನಟ್ಟುವಾಗ 210ರ ವೇಗದಲ್ಲಿ ಆಡಿದವನಿಗೆ ಕಡಿತ ಮಾಡೋ ನಿಯಮ ಯಾವ ನಿಯಮ? 2025ರಲ್ಲಿ 657 ರನ್, 2024ರಲ್ಲಿ 741, 2016ರಲ್ಲಿ 973. ಇಷ್ಟು ಹೊಡೆದವರನ್ನ ಒಂದು ಭಾಗಾಕಾರದಿಂದ ಅಳೀಬೇಡಿ ಅಂತ ಕೇಳ್ಕೋತೀನಿ.

ಸ್ಕೋರರ್_ಶಿವಮೊಗ್ಗ

ನಾನು ಕ್ಲಬ್ ಪಂದ್ಯಗಳಿಗೆ ವರ್ಷಗಟ್ಟಲೆ ಸ್ಕೋರ್ ಬರೆದವಳು. ಒಂದು ಸಣ್ಣ ತಿದ್ದುಪಡಿ ಹೇಳಬೇಕು, ಸಣ್ಣದಾದರೂ ಮುಖ್ಯ.

374 ರನ್ ಅಂತ ತಗೊಂಡ ಮೊತ್ತದಲ್ಲಿ ಎಕ್ಸ್‌ಟ್ರಾಗಳೂ ಇರ್ತವೆ. ವೈಡ್, ನೋಬಾಲ್ ಬೌಲರ್‌ನ ಲೆಕ್ಕಕ್ಕೆ ಹೋಗ್ತವೆ. ಬೈ, ಲೆಗ್‌ಬೈ ಹೋಗಲ್ಲ. ಬ್ಯಾಟರ್‌ನ ಲೆಕ್ಕಕ್ಕಂತೂ ಈ ನಾಲ್ಕರಲ್ಲಿ ಯಾವುದೂ ಸೇರಲ್ಲ. ಹೀಗಾಗಿ ಇಡೀ ಮೊತ್ತವನ್ನ ಅಳತೆಗೋಲು ಮಾಡಿದ್ರೆ ಬೌಲರ್‌ಗೆ ಸ್ವಲ್ಪ ಲಾಭ, ಬ್ಯಾಟರ್‌ಗೆ ಜಾಸ್ತಿ ನಷ್ಟ. ಕೊಹ್ಲಿಯವರ ಮೈನಸ್ 11ರಲ್ಲಿ ಒಂದಷ್ಟು ಪಾಲು ಬರೀ ಇದರಿಂದ ಬಂದಿರುತ್ತೆ. ಬೌಲಿಂಗ್‌ಗೆ ಬೈ ಮತ್ತು ಲೆಗ್‌ಬೈ ಕಳೆದ ದರ, ಬ್ಯಾಟಿಂಗ್‌ಗೆ ಎಲ್ಲ ಎಕ್ಸ್‌ಟ್ರಾ ಕಳೆದ ದರ, ಹೀಗೆ ಎರಡು ಬೇರೆ ದರ ಇಟ್ಟುಕೊಳ್ಳಿ. ಸ್ಕೋರ್‌ಕಾರ್ಡ್‌ನ ಕೆಳಗೇ ಎಲ್ಲ ಬಿಡಿಬಿಡಿಯಾಗಿ ಬರೆದಿರ್ತಾರೆ, ಹೆಚ್ಚಿನ ಕೆಲಸವೇನಿಲ್ಲ.

ಇನ್ನೊಂದು ಮಾತು. ಯಾವ ಓವರ್ ಹಾಕಿದ ಅನ್ನೋದು ಈ ಲೆಕ್ಕದಲ್ಲಿ ಇಲ್ಲ. ಪವರ್‌ಪ್ಲೇನಲ್ಲಿ, ಅಂದರೆ ಮೊದಲ ಆರು ಓವರ್‌ನಲ್ಲಿ, ವೃತ್ತದ ಹೊರಗೆ ಇಬ್ಬರೇ ಫೀಲ್ಡರ್. ಹತ್ತೊಂಬತ್ತನೇ ಓವರ್‌ನಲ್ಲಿ 9 ಕೊಟ್ಟವನೂ ಹತ್ತನೇ ಓವರ್‌ನಲ್ಲಿ 9 ಕೊಟ್ಟವನೂ ಒಂದೇ ಅಲ್ಲ. ಸ್ಕೋರ್ ಬರೆಯುವವರ ಕೈಗೆ ಅದು ಗೊತ್ತಾಗುತ್ತೆ.

ಲೆಕ್ಕದ_ಮೇಷ್ಟ್ರು

ಜೆರ್ಸಿ ಅವರ ಸಿಟ್ಟಿನಲ್ಲಿ ಒಂದು ನ್ಯಾಯವಾದ ಅಂಶ ಇದೆ, ಅದನ್ನ ಮೊದಲು ಒಪ್ಪಿಕೊಳ್ತೀನಿ. ಟಿ20ಯಲ್ಲಿ ತಂಡದ ಕೈಲಿ ಎರಡು ಬಂಡವಾಳ: 120 ಎಸೆತ, 10 ವಿಕೆಟ್. ಬಸವನಗುಡಿಯವರ ಲೆಕ್ಕ ಎಸೆತದ ಖರ್ಚನ್ನ ಮಾತ್ರ ನೋಡುತ್ತೆ, ವಿಕೆಟ್ ಉಳಿಸಿದ್ದನ್ನ ನೋಡಲ್ಲ. ಸಾಮಾನ್ಯವಾಗಿ ಟಿ20ಯಲ್ಲಿ ಎಸೆತವೇ ದುಬಾರಿ, ವಿಕೆಟ್ ಅಗ್ಗ. ಆದರೆ ಒಂಬತ್ತು ವಿಕೆಟ್ ಬಿದ್ದ ಇನ್ನಿಂಗ್ಸ್‌ನಲ್ಲಿ ಹಾಗನ್ನೋಕೆ ಆಗಲ್ಲ. ಅದಕ್ಕೇ ಬ್ಯಾಟಿಂಗ್ ಕಡಿತಕ್ಕೊಂದು ಮಿತಿ ಇರಲಿ, ಮೈನಸ್ 6ಕ್ಕಿಂತ ಕೆಳಗೆ ಹೋಗದ ಹಾಗೆ.

ಆದರೆ ಚಿನ್ನಸ್ವಾಮಿಯ ಆ 42 ರನ್ನಿನ ಬಗ್ಗೆ ನಾನು ಹಿಂದೆ ಸರಿಯಲ್ಲ. ಅವತ್ತು ಟ್ರಾವಿಸ್ ಹೆಡ್ 41 ಎಸೆತಕ್ಕೆ 102, ದಿನೇಶ್ ಕಾರ್ತಿಕ್ 35ಕ್ಕೆ 83. ಹೆಡ್‌ಗೆ ಪ್ಲಸ್ 8, ಕಾರ್ತಿಕ್‌ಗೆ ಪ್ಲಸ್ 3. ಕ್ಲಾಸೆನ್ 31ಕ್ಕೆ 67 ಹೊಡೆದರೂ ಮೈನಸ್ 4. ಇವರು ಕೆಟ್ಟದಾಗಿ ಆಡಿದರು ಅಂತ ಇದು ಹೇಳ್ತಿಲ್ಲ. ಅವತ್ತಿನ ಪಿಚ್‌ನಲ್ಲಿ ಎಲ್ಲರೂ ಹಾಗೇ ಹೊಡೀತಿದ್ದರು ಅಂತ ಹೇಳ್ತಿದೆ, ಅಷ್ಟೆ. ರನ್ ಅಂಕ, ಫೋರ್ ಅಂಕ, ಸಿಕ್ಸ್ ಅಂಕ ಎಲ್ಲ ಅವರಿಗೆ ಬಂದೇ ಬಂದಿವೆ. ಇದು ಅದರ ಮೇಲಿನ ಒಂದು ಸಣ್ಣ ತಿದ್ದು.

ವರ್ಷದಿಂದ ವರ್ಷಕ್ಕೂ ಇದೇ ಕಥೆ. ಕೊಹ್ಲಿಯವರ 2016ರ ಸ್ಟ್ರೈಕ್ ರೇಟ್ 152.03, 2024ರದ್ದು 154.69. ಅಂಕಿ ನೋಡಿದರೆ 2024 ಒಂದು ಕೈ ಮೇಲು. ಆದರೆ 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ (ಪಂದ್ಯದ ಮಧ್ಯೆ ಒಬ್ಬನನ್ನ ಬದಲಿಸೋ ನಿಯಮ) ಬಂದಮೇಲೆ ಒಬ್ಬ ಬ್ಯಾಟರ್ ಹೆಚ್ಚಾಗಿ ಸಿಗ್ತಾನೆ, ಮೇಲಿನವರು ಹೆದರದೆ ಬೀಸ್ತಾರೆ, ಇಡೀ ಲೀಗ್‌ನ ವೇಗವೇ ಏರಿದೆ. ಸುತ್ತಲಿನವರಿಗೆ ಹೋಲಿಸಿದರೆ 2016ರ 152ಕ್ಕೆ ಇದ್ದ ತೂಕ 2024ರ 154ಕ್ಕೆ ಇಲ್ಲ. ಹಾಗಾಗಿ 2016ರ ಕೊಹ್ಲಿಗೆ ನಿಜವಾದ ಗೌರವ ಸಿಗೋದು ಈ ಹೋಲಿಕೆಯ ಲೆಕ್ಕದಲ್ಲೇ, ಜೆರ್ಸಿಯವರೇ.

18_ನಂಬರ್_ಜೆರ್ಸಿ

2016ರ ಮಾತು ಒಪ್ಪಿದೆ ಮೇಷ್ಟ್ರೇ. ಮೈನಸ್ 6ರ ಮಿತಿಯೂ ಇರಲಿ. ಆದರೆ ಫೈನಲ್‌ನ 43ರ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ. ಅದನ್ನ ಯಾವ ಶೀಟೂ ಬದಲಿಸಲ್ಲ.

ಬಸವನಗುಡಿ_ಬ್ಯಾಟ್

ಎಕ್ಸ್‌ಟ್ರಾ ವಿಷಯ ನನಗೆ ಹೊಳೆದೇ ಇರಲಿಲ್ಲ, ಸ್ಕೋರರ್ ಮೇಡಂಗೆ ತುಂಬಾ ಥ್ಯಾಂಕ್ಸ್. ಎರಡು ದರ ಇಡೋಣ.

ಮೇಷ್ಟ್ರೇ, ಇನ್ನೊಂದು ಪ್ರಶ್ನೆ. ಅಂಕ ಕೊಡೋದು ಒಂದು ಕಡೆ, ಹರಾಜಿನಲ್ಲಿ ಆಟಗಾರರನ್ನ ಆರಿಸೋದು ಇನ್ನೊಂದು ಕಡೆ. ಕಳೆದ ಸಲದ ಸ್ಟ್ರೈಕ್ ರೇಟ್, ಎಕಾನಮಿ ನೋಡಿ ಕೂಗಬೇಕಾ, ಅಥವಾ ಒಟ್ಟು ರನ್, ವಿಕೆಟ್ ನೋಡಿ ಕೂಗಬೇಕಾ? ಹೋದ ಸಲ ನಾನು ಸ್ಟ್ರೈಕ್ ರೇಟ್ ಪಟ್ಟಿ ಇಟ್ಟುಕೊಂಡು ಕೂತೆ. ಜೇಕ್ ಫ್ರೇಸರ್ ಮೆಕ್‌ಗರ್ಕ್‌ಗೆ ನನ್ನ ಬಜೆಟ್‌ನ ದೊಡ್ಡ ಪಾಲು ಸುರಿದೆ. ಆಮೇಲೆ ಇಡೀ ಸೀಸನ್ ನರಳಿದೆ.

ಲೆಕ್ಕದ_ಮೇಷ್ಟ್ರು

ಆ ಉದಾಹರಣೆಯಿಂದಲೇ ಶುರು ಮಾಡೋಣ, ಅದರಲ್ಲಿ ಕಲಿಯೋದು ಬಹಳ ಇದೆ.

ಮೆಕ್‌ಗರ್ಕ್ 2024ರಲ್ಲಿ 330 ರನ್, ಸ್ಟ್ರೈಕ್ ರೇಟ್ 234. ಎಷ್ಟು ಎಸೆತಕ್ಕೆ? 141. ಇಡೀ ಸೀಸನ್ನಿಗೆ 141 ಎಸೆತ. ಬೌಂಡರಿ ಗೆರೆ ಪಕ್ಕದ ಫೀಲ್ಡರ್ ಕೈಗೆ ಸ್ವಲ್ಪದರಲ್ಲಿ ಸಿಗದೆ ಮೂರು ಹೊಡೆತ ಸಿಕ್ಸ್ ಆದವು ಅಂದುಕೊಳ್ಳಿ, 18 ರನ್. 141 ಎಸೆತದಲ್ಲಿ ಆ 18 ರನ್ ಸ್ಟ್ರೈಕ್ ರೇಟನ್ನ ಸುಮಾರು 13ರಷ್ಟು ಏರಿಸುತ್ತೆ. ಕೊಹ್ಲಿ 2025ರಲ್ಲಿ ಆಡಿದ್ದು 454 ಎಸೆತ. ಅಲ್ಲಿ ಅದೇ 18 ರನ್ ಏರಿಸೋದು 4 ಮಾತ್ರ. ಎಸೆತ ಕಡಿಮೆ ಇದ್ದಷ್ಟೂ ಅದೃಷ್ಟದ ಪಾಲು ಜಾಸ್ತಿ. 2025ರಲ್ಲಿ ಮೆಕ್‌ಗರ್ಕ್ ಆರು ಇನ್ನಿಂಗ್ಸ್‌ನಲ್ಲಿ 55 ರನ್. ಬೌಲರ್‌ಗಳು ಅವರನ್ನ ಓದಿಕೊಂಡು ಬಂದಿದ್ದರು ಅನ್ನೋದೂ ನಿಜ.

ಇದಕ್ಕೆ ಒಂದು ಸುಲಭದ ಮದ್ದು ಇದೆ. ಪ್ರತಿ ಬ್ಯಾಟರ್‌ನ ಲೆಕ್ಕಕ್ಕೂ ಲೀಗ್‌ನ ಸರಾಸರಿ ವೇಗದ 100 ಎಸೆತ ನೀವೇ ಸೇರಿಸಿಬಿಡಿ. ಲೆಕ್ಕಕ್ಕೋಸ್ಕರ ಸರಾಸರಿ 150 ಅಂತ ಇಟ್ಟುಕೊಳ್ಳೋಣ, ಅಂದರೆ 100 ಎಸೆತಕ್ಕೆ 150 ರನ್. 2025ರಲ್ಲಿ ವೈಭವ್ ಸೂರ್ಯವಂಶಿ 122 ಎಸೆತಕ್ಕೆ 252, ಸ್ಟ್ರೈಕ್ ರೇಟ್ 206. ಸೇರಿಸಿದ ಮೇಲೆ 222 ಎಸೆತಕ್ಕೆ 402, ಅಂದರೆ 181. ನಿಕೊಲಸ್ ಪೂರನ್ 267 ಎಸೆತಕ್ಕೆ 524, ಸ್ಟ್ರೈಕ್ ರೇಟ್ 196. ಸೇರಿಸಿದ ಮೇಲೆ 367ಕ್ಕೆ 674, ಅಂದರೆ 184. ನೋಡಿ, ಕ್ರಮ ತಿರುಗಿತು. ಗುಜರಾತ್ ವಿರುದ್ಧ 35 ಎಸೆತಕ್ಕೆ ನೂರು ಹೊಡೆದ ಆ ಹುಡುಗನ ಪ್ರತಿಭೆ ಬಗ್ಗೆ ಇದು ಏನೂ ಹೇಳಲ್ಲ. ನಮ್ಮ ಹತ್ತಿರ ಇರೋ ಸಾಕ್ಷಿ ಎಷ್ಟು ಗಟ್ಟಿ ಅನ್ನೋದನ್ನ ಮಾತ್ರ ಹೇಳುತ್ತೆ.

ಇನ್ನು ಬೌಲಿಂಗ್. 2024ರಲ್ಲಿ ಹರ್ಷಲ್ ಪಟೇಲ್ 14 ಪಂದ್ಯಕ್ಕೆ 24 ವಿಕೆಟ್, ಅತಿ ಹೆಚ್ಚು ವಿಕೆಟ್‌ಗೆ ಕೊಡೋ ಪರ್ಪಲ್ ಕ್ಯಾಪ್, ಎಕಾನಮಿ 9.73. ಬೂಮ್ರಾ 13 ಪಂದ್ಯಕ್ಕೆ 20 ವಿಕೆಟ್, ಎಕಾನಮಿ 6.48. ನಮ್ಮ ಹಳೇ ನಿಯಮದಲ್ಲಿ ವಿಕೆಟ್ ಅಂಕ 600 ಮತ್ತು 500. ಬೂಮ್ರಾಗೆ ಹದಿಮೂರೂ ಪಂದ್ಯದಲ್ಲಿ ಎಕಾನಮಿ ಬೋನಸ್ ಪೂರ್ತಿ 6 ಸಿಕ್ಕಿತು ಅಂದರೂ 78. ಆ ನೂರರ ಅಂತರ ಮುಚ್ಚಲ್ಲ. ಅಂದರೆ ನಮ್ಮ ಶೀಟಿನಲ್ಲಿ ಎಕಾನಮಿ ಅನ್ನೋದು ಬರೀ ಉಪ್ಪಿನಕಾಯಿ, ಊಟ ಅಲ್ಲ.

ಆದರೆ ಮರುವರ್ಷ ನೋಡಿ. 2025ರಲ್ಲಿ ಹರ್ಷಲ್‌ಗೆ 16 ವಿಕೆಟ್. ಬೂಮ್ರಾಗೆ 12 ಪಂದ್ಯದಲ್ಲಿ 18, ಎಕಾನಮಿ 6.67. ಎಕಾನಮಿ ಇದ್ದಲ್ಲೇ ಇತ್ತು, ವಿಕೆಟ್ ಪಟ್ಟಿ ತಲೆಕೆಳಗಾಯಿತು. ಇಬ್ಬರ ಎರಡು ವರ್ಷ ಹಿಡಿದು ಸಿದ್ಧಾಂತ ಕಟ್ಟಬಾರದು, ಅದು ಗೊತ್ತು. ಆದರೆ ಕಾರಣ ಯೋಚಿಸಿ: ಸೀಸನ್‌ನಲ್ಲಿ ಬೌಲರ್ ಹಾಕೋದು ಮುನ್ನೂರು ಎಸೆತದ ಆಸುಪಾಸು. ಎಕಾನಮಿಗೆ ಆ ಮುನ್ನೂರೂ ಸಾಕ್ಷಿ ಹೇಳ್ತವೆ. ವಿಕೆಟ್ ಅನ್ನೋದು ಅದರಲ್ಲಿ ಇಪ್ಪತ್ತು ಸಲ ನಡೆಯೋ ಘಟನೆ. ಒಂದು ಎಡ್ಜ್ ಸ್ಲಿಪ್‌ಗೆ ಹೋಯಿತೋ, ಪಕ್ಕದಲ್ಲಿ ನುಸುಳಿತೋ ಅನ್ನೋದರ ಮೇಲೆ ನಿಂತಿರುತ್ತೆ. ಅಂಕ ತರೋದು ವಿಕೆಟ್. ಮುಂದಿನ ವರ್ಷ ಯಾರು ತರಬಹುದು ಅಂತ ಸುಳಿವು ಕೊಡೋದು ಎಕಾನಮಿ. ಹರಾಜಿಗೆ ಕೂತಾಗ ಈ ಎರಡನ್ನ ಬೆರೆಸಬೇಡಿ.

ಸ್ಕೋರರ್_ಶಿವಮೊಗ್ಗ

ಮೇಷ್ಟ್ರೇ, ಬೂಮ್ರಾ ಲೆಕ್ಕದಲ್ಲಿ ಇನ್ನೊಂದಿದೆ. ಅವರ ನಾಲ್ಕು ಓವರ್ ಸುಮ್ಮನೆ ಕಳೆದುಬಿಡೋಣ ಅಂತ ಬ್ಯಾಟರ್‌ಗಳು ತೀರ್ಮಾನಿಸಿಕೊಂಡೇ ಬರ್ತಾರೆ. ಆಮೇಲೆ ಎದುರು ತುದಿಯ ಬೌಲರ್ ಮೇಲೆ ಬೀಳ್ತಾರೆ, ವಿಕೆಟ್ ಅವನಿಗೆ ಸಿಗುತ್ತೆ. ಸ್ಕೋರ್‌ಬುಕ್‌ನಲ್ಲಿ ಚುಕ್ಕಿ (ರನ್ ಬಾರದ ಎಸೆತ) ಒಬ್ಬನದು, ಡಬ್ಲ್ಯೂ (ವಿಕೆಟ್) ಇನ್ನೊಬ್ಬನದು. ಬೂಮ್ರಾ ಜೊತೆಗೆ ಬೌಲ್ ಮಾಡೋರನ್ನ ಹರಾಜಿನಲ್ಲಿ ಕಡಿಮೆ ಬೆಲೆಗೆ ಹಿಡೀಬಹುದು ಅಂತ ನನ್ನ ಅನುಭವ.

ಸ್ಯಾನ್‌ಹೋಸೆ_ಕನ್ನಡಿಗ

ಇಲ್ಲಿ ಆಫೀಸಿನವರ ಜೊತೆ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಫ್ಯಾಂಟಸಿ ಆಡ್ತೀನಿ, ಅದಕ್ಕೆ ಇದನ್ನ ಓದ್ತಾ ಓದ್ತಾ ಬಹಳ ಖುಷಿಯಾಯ್ತು. ನೀವು ತಲುಪ್ತಿರೋ ಜಾಗಕ್ಕೇ ಬಾಸ್ಕೆಟ್‌ಬಾಲ್‌ನವರೂ ತಲುಪಿದ್ದಾರೆ.

ಅಲ್ಲಿ ಪಿಇಆರ್ ಅಂತ ಒಂದು ಅಂಕಿ ಇದೆ, ಜಾನ್ ಹಾಲಿಂಜರ್ ರೂಪಿಸಿದ್ದು. ಆಟಗಾರ ಮಾಡಿದ್ದನ್ನೆಲ್ಲ ಕೂಡಿ ಕಳೆದು, ನಿಮಿಷದ ಲೆಕ್ಕಕ್ಕೆ ಇಳಿಸಿ, ತಂಡದ ವೇಗಕ್ಕೆ ಹೊಂದಿಸಿ, ಇಡೀ ಲೀಗ್‌ನ ಸರಾಸರಿ ಪ್ರತಿ ವರ್ಷವೂ 15 ಬರುವ ಹಾಗೆ ಮಾಡಿರ್ತಾರೆ. ಬಸವನಗುಡಿಯವರು ಪಂದ್ಯದ ದರಕ್ಕೆ ಹೋಲಿಸ್ತಿರೋದೂ ಅದೇ ಯೋಚನೆ. 15 ಅಂದರೆ ಸಾಧಾರಣ, 25 ಅಂದರೆ ತಾರೆ. ನಿಕೊಲಾ ಯೋಕಿಚ್ 2021-22ರಲ್ಲಿ 32 ದಾಟಿದ್ದರು.

ಇನ್ನು ಅದರ ಗುಂಡಿ ಎಲ್ಲಿದೆ ಅಂತ ಹೇಳ್ತೀನಿ. 2015-16ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿ ಬೋಬನ್ ಮರ್ಯಾನೊವಿಚ್ ಅಂತ ಏಳಡಿ ದಾಟಿದ ಆಟಗಾರ ಇದ್ದರು. ಪಿಇಆರ್ 27ರ ಮೇಲೆ! ಪಟ್ಟಿ ಮಾತ್ರ ನೋಡಿದರೆ ಲೀಗ್‌ನ ಅತಿ ದೊಡ್ಡವರ ಸಾಲು. ಆದರೆ ಪಂದ್ಯಕ್ಕೆ ಆಡಿದ್ದು ಹತ್ತು ನಿಮಿಷವೂ ಇಲ್ಲ. ಫ್ಯಾಂಟಸಿಯಲ್ಲಿ ಅಂಥವರಿಂದ ಏನೂ ಬರಲ್ಲ. ಇಲ್ಲಿ ನಾನು ಕಲಿತ ಪಾಠ: ಮೊದಲು ನಿಮಿಷ, ಆಮೇಲೆ ದಕ್ಷತೆ. ಎರಡನ್ನೂ ಗುಣಿಸದೆ ಯಾರನ್ನೂ ತಗೋಬೇಡಿ.

ಕ್ರಿಕೆಟ್‌ನಲ್ಲಿ ನಿಮಿಷದ ಜಾಗದಲ್ಲಿ ಎಸೆತ. ಟಿಮ್ ಡೇವಿಡ್ 2025ರಲ್ಲಿ ಆರ್‌ಸಿಬಿಗೆ 185ರ ವೇಗದಲ್ಲಿ ಹೊಡೆದರು, ಅದ್ಭುತ. ಆದರೆ ಇಡೀ ಸೀಸನ್ ಸಿಕ್ಕಿದ್ದು 101 ಎಸೆತ, ರನ್ 187. ‘ಹಾಗಾದರೆ ಮೂರನೇ ನಂಬರ್‌ಗೆ ಕಳಿಸಿದರೆ ಮೂರು ಪಟ್ಟು ಹೊಡೀತಾರೆ’ ಅಂತಲೂ ಅಂದುಕೊಳ್ಳೋ ಹಾಗಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಯೂಸೇಜ್ ಅಂತಾರೆ, ಅಂಗಳದಲ್ಲಿ ಇದ್ದಾಗ ತಂಡದ ದಾಳಿಯಲ್ಲಿ ಎಷ್ಟು ಪಾಲು ಒಬ್ಬನ ಕೈಯಲ್ಲೇ ಮುಗಿಯುತ್ತೆ ಅನ್ನೋದು. ಆ ಪಾಲು ಏರಿದ ಹಾಗೆ ದಕ್ಷತೆ ಸಾಮಾನ್ಯವಾಗಿ ಇಳಿಯುತ್ತೆ, ಕಷ್ಟದ ಶಾಟ್‌ಗಳನ್ನೂ ಆಗ ಅವನೇ ಎಸೆಯಬೇಕಾಗುತ್ತೆ. ಹೊಸ ಬಾಲ್ ಎದುರಿಸದೆ ಕೊನೆ ಓವರ್‌ಗಳಲ್ಲಿ ಬಂದು ಬೀಸೋ ಫಿನಿಶರ್‌ಗೂ ಇದೇ ಅನ್ವಯ.

ಪಿಇಆರ್‌ನ ಇನ್ನೊಂದು ಕೊರತೆ ಡಿಫೆನ್ಸ್. ಬ್ಲಾಕ್ (ಶಾಟ್ ತಡೆಯೋದು), ಸ್ಟೀಲ್ (ಚೆಂಡು ಕಸಿಯೋದು) ಬಿಟ್ಟರೆ ಎದುರಾಳಿಯನ್ನ ಕಟ್ಟಿಹಾಕಿದ್ದು ಅದರಲ್ಲಿ ಕಾಣಲ್ಲ. ಮೇಡಂ ಹೇಳಿದ ಚುಕ್ಕಿಯ ಕಥೆ ಓದಿದಾಗ ಅದೇ ನೆನಪಾಯ್ತು.

ಹುಬ್ಬಳ್ಳಿ_ರೈಡರ್

ಎಲ್ಲಾರ ಮಾತೂ ಓದಿದೆ, ಭಾಳ ಛಲೋ ನಡದೈತಿ. ನಂದು ಕಬಡ್ಡಿ ಫ್ಯಾಂಟಸಿ ಹುಚ್ಚು, ಅದರಾಗಿನ ಒಂದು ಮಾತು ಹೇಳ್ತೀನಿ ನೋಡ್ರಿ.

ಕಬಡ್ಡ್ಯಾಗ ರೈಡರ್‌ನ ‘ಯಶಸ್ವಿ ರೈಡ್ ಶೇಕಡಾ’ ಅಂತ ತೋರಸ್ತಾರ. ಅದನ್ನ ನಂಬಿ ಟೀಮ್ ಮಾಡಿದ್ರ ಕೆಡ್ತೀರಿ. ಯಾಕಂದ್ರ ಎದುರಿಗೆ ಎಷ್ಟು ಮಂದಿ ಅದಾರ ಅನ್ನೋದ್ರ ಮ್ಯಾಲ ಎಲ್ಲಾ ನಿಂತಿರತೈತಿ. ಆರು ಇಲ್ಲಾ ಏಳು ಮಂದಿ ಇದ್ರಷ್ಟ ಬೋನಸ್ ಗೆರಿ ಮುಟ್ಟಿದ್ರ ಪಾಯಿಂಟ್ ಸಿಗೋದು. ಮೂರು ಮಂದಿ ಇಲ್ಲಾ ಅದಕ್ಕಿಂತ ಕಡಿಮಿ ಉಳದಾಗ ಹಿಡದ್ರ ಅವರಿಗೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಎರಡು ರೈಡ್ ಖಾಲಿ ಹೋದ್ರ ಮೂರನೇದ್ದು ‘ಡೂ ಆರ್ ಡೈ’, ಪಾಯಿಂಟ್ ತರಬೇಕು ಇಲ್ಲಾ ಔಟ್. ಕೆಲವು ಟೀಮ್‌ನ್ಯಾಗ ಆ ಮೂರನೇ ರೈಡಿಗೆ ಒಬ್ಬನ್ನ ಬ್ಯಾರೇನ ಇಟ್ಟಿರತಾರ. ಅವನ ಶೇಕಡಾ ಕೆಳಗ ಕಾಣತೈತಿ, ಆದ್ರ ಅವನು ಮಾಡೋದು ಎಲ್ಲಾಕ್ಕಿಂತ ಕಷ್ಟದ ಕೆಲಸ.

ಮತ್ತ ಇನ್ನೊಂದು: ಔಟ್ ಆದ ರೈಡರ್ ಬೆಂಚಿನ ಮ್ಯಾಲ ಕುಂತಿರತಾನ, ಪಾಯಿಂಟ್ ಬರೂದಿಲ್ಲ. ಹಿಂಗಾಗಿ ನಾ ನೋಡೋದು ಎರಡ: ಪಂದ್ಯಕ್ಕ ಎಷ್ಟು ರೈಡ್ ಹೋಗತಾನ, ಎಷ್ಟು ಸಲ ಔಟ್ ಆಗದ ತಿರುಗಿ ಬರತಾನ. 2019ರಾಗ ನಮ್ಮ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಹರಿಯಾಣಾ ಸ್ಟೀಲರ್ಸ್ ವಿರುದ್ಧ ಒಂದ ಪಂದ್ಯದಾಗ 39 ರೈಡ್ ಪಾಯಿಂಟ್ ತಗೊಂಡ್ನಲ್ಲ, ಅವತ್ತು ಮ್ಯಾಟ್ ಬಿಟ್ಟು ಹೊರಗ ಕುಂತಿದ್ದು ನನಗ ನೆನಪಾಗೂದ ಇಲ್ಲ. ಸ್ಯಾನ್‌ಹೋಸೆ ಅಣ್ಣಾರು ಹೇಳಿದ ನಿಮಿಷದ ಮಾತು ನಮ್ಮ ಆಟಕ್ಕೂ ಖರೇನ ಐತಿ.

ಕುಡ್ಲ_ಕೀಪರ್

ಅವಕಾಶದ ಮಾತು ಬಂದದ್ದಕ್ಕೆ ಕೆ.ಎಲ್. ರಾಹುಲ್ ನೆನಪಾದರು. 2020ರಲ್ಲಿ ಅತಿ ಹೆಚ್ಚು ರನ್‌ಗೆ ಕೊಡುವ ಆರೆಂಜ್ ಕ್ಯಾಪ್, 670 ರನ್, ಸ್ಟ್ರೈಕ್ ರೇಟ್ 129. ಆಗ ಎಷ್ಟು ಜನ ಬೈದದ್ದು! 2025ರಲ್ಲಿ ಡೆಲ್ಲಿಗೆ 539, ಸ್ಟ್ರೈಕ್ ರೇಟ್ ಸುಮಾರು 150. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಎದುರು ನಾಲ್ಕನೇ ನಂಬರ್‌ಗೆ ಬಂದು 53 ಎಸೆತಕ್ಕೆ 93, ಗುಜರಾತ್ ಎದುರು ಓಪನಿಂಗ್ ಬಂದು 65ಕ್ಕೆ 112. ಒಂದೇ ಸೀಸನ್, ಬೇರೆ ಬೇರೆ ಜಾಗ. ಸೀಸನ್ ಸರಾಸರಿ ನೋಡಿದರೆ ಈ ಜಾಗ ಬದಲಾದದ್ದು ಕಾಣುವುದೇ ಇಲ್ಲ. ಹರಾಜಿನ ಮೊದಲು ನಾನು ನೋಡುವುದು ಇದನ್ನೇ: ತಂಡ ಬದಲಾಗಿದೆಯಾ, ಎಷ್ಟನೇ ನಂಬರ್‌ಗೆ ಬರ್ತಾರೆ, ಓಪನ್ ಮಾಡ್ತಾರಾ. ಸ್ಟ್ರೈಕ್ ರೇಟ್ ಅದರ ನಂತರ.

ನಮ್ಮ ಫ್ಯಾಂಟಸಿ ತಂಡದ ಕ್ಯಾಪ್ಟನ್ ಆಯ್ಕೆಗೆ ಮಾತ್ರ ನನ್ನ ದಾರಿ ಬೇರೆ. ಕ್ಯಾಪ್ಟನ್‌ಗೆ ಅಂಕ ಎರಡು ಪಟ್ಟು ಅಲ್ವಾ? ಸೂರ್ಯಕುಮಾರ್ 2025ರಲ್ಲಿ ಹದಿನಾರಕ್ಕೆ ಹದಿನಾರೂ ಪಂದ್ಯದಲ್ಲಿ 25 ಮುಟ್ಟಿದರು, ಒಟ್ಟು 717, ಅದೂ 168ರ ವೇಗದಲ್ಲಿ. ಮುಂದೆ ಇರುವವರು ಅಂಥವರನ್ನು ಕ್ಯಾಪ್ಟನ್ ಮಾಡಿ ನಿಶ್ಚಿಂತೆಯಿಂದ ಇರಬೇಕು. ಹಿಂದೆ ಬಿದ್ದವರು, ವಾರದ ಕೊನೆಗೆ 80 ಅಂಕ ಬೇಕಾದವರು, ಸೂರ್ಯವಂಶಿಯಂಥವರನ್ನು ಹಾಕಬೇಕು. ಅಲ್ಲಿ ಏರಿಳಿತವೇ ನಿಮಗೆ ಬೇಕಾದದ್ದು.

ಲೆಕ್ಕದ_ಮೇಷ್ಟ್ರು

ಕೀಪರ್ ಅವರ ಕ್ಯಾಪ್ಟನ್ ಮಾತು ನೂರಕ್ಕೆ ನೂರು ಸರಿ.

ಒಂದು ಎಚ್ಚರಿಕೆ. ಫೋರ್, ಸಿಕ್ಸ್‌ಗೆ ಕೊಡೋ ಹೆಚ್ಚುವರಿ ಅಂಕವೂ ಒಂದು ಥರ ಸ್ಟ್ರೈಕ್ ರೇಟ್ ಬೋನಸ್ಸೇ. ಬೇಗ ಹೊಡೆಯೋರಿಗೇ ಅದು ಹೋಗೋದು. ಅದರ ಮೇಲೆ ಹೊಸ ದರದ ಅಂಕ ಪೂರ್ತಿ ಕೊಟ್ಟರೆ ಒಂದೇ ಕೆಲಸಕ್ಕೆ ಎರಡು ಸಂಬಳ ಆಗುತ್ತೆ. ಬ್ಯಾಟಿಂಗ್‌ಗೆ ಪಂದ್ಯದ ದರಕ್ಕಿಂತ ಹೆಚ್ಚು ಹೊಡೆದ ಅಥವಾ ಕಡಿಮೆ ಬಿದ್ದ ರನ್‌ನ ಅರ್ಧ ಅಂಕ ಸಾಕು. ಬೌಲಿಂಗ್‌ಗೆ ಅಂಥ ಎರಡನೇ ಬೋನಸ್ ಇಲ್ಲ, ಅಲ್ಲಿ ಪೂರ್ತಿ ಇರಲಿ.

ಬಸವನಗುಡಿ_ಬ್ಯಾಟ್

ಅರ್ಧ ಅಂಕ ಅಂದಮೇಲೆ ಒಂದು ಪಂದ್ಯ ಹಾಕಿ ನೋಡಿದೆ. 2025ರ ಏಪ್ರಿಲ್ 18, ಚಿನ್ನಸ್ವಾಮಿಯಲ್ಲಿ ಮಳೆ ಬಂದು 14 ಓವರ್‌ಗೆ ಇಳಿದ ಪಂದ್ಯ. ಆರ್‌ಸಿಬಿ 95ಕ್ಕೆ 9, ಪಂಜಾಬ್ 12.1 ಓವರ್‌ನಲ್ಲಿ 98ಕ್ಕೆ 5. ಟಿಮ್ ಡೇವಿಡ್ 26 ಎಸೆತಕ್ಕೆ ಔಟಾಗದೆ 50. ಉಳಿದವರೆಲ್ಲ ಸೇರಿ, ಎಕ್ಸ್‌ಟ್ರಾನೂ ಸೇರಿಸಿ 45. ಎಕ್ಸ್‌ಟ್ರಾ ಕಳೆಯದೆ ಒರಟಾಗಿ ಹಾಕಿದರೂ ಎಸೆತಕ್ಕೆ 1.23 ದರ, 26 ಎಸೆತಕ್ಕೆ 32. ಪ್ಲಸ್ 18, ಅರ್ಧ ಮಾಡಿದರೆ 9. ಫೈನಲ್‌ನಲ್ಲಿ ಶಶಾಂಕ್ ಸಿಂಗ್ 30 ಎಸೆತಕ್ಕೆ 61 ಹೊಡೆದದ್ದಕ್ಕೆ ಪ್ಲಸ್ 14, ಅರ್ಧ 7. ಹಳೇ ನಿಯಮದಲ್ಲಿ ಇಬ್ಬರಿಗೂ ಒಂದೇ 6. ಸೋತ ಪಂದ್ಯದಲ್ಲೂ ಪಂದ್ಯಶ್ರೇಷ್ಠ ಅನ್ನಿಸಿಕೊಂಡ ಇನ್ನಿಂಗ್ಸ್‌ಗೆ ಇಲ್ಲಿ ಮೂರು ಅಂಕ ಹೆಚ್ಚು ಬಂತು.

ಈಗಿನ ಕರಡು: ಬೌಲಿಂಗ್‌ಗೆ ಪೂರ್ತಿ, ಬ್ಯಾಟಿಂಗ್‌ಗೆ ಅರ್ಧ, ಬ್ಯಾಟಿಂಗ್ ಕಡಿತ ಮೈನಸ್ 6ಕ್ಕೆ ನಿಲ್ಲುತ್ತೆ, ಎರಡು ಬೇರೆ ದರ. ಓವರ್ ಯಾವುದು ಅನ್ನೋ ಲೆಕ್ಕ ಈ ವರ್ಷ ಬೇಡ, ಕೈಯಲ್ಲಿ ತುಂಬೋರಿಗೆ ಕಷ್ಟ ಆಗುತ್ತೆ.

18_ನಂಬರ್_ಜೆರ್ಸಿ

ಅರ್ಧ ಮಾಡಿದ್ರೆ ಫೈನಲ್‌ನ 43ಕ್ಕೆ ಮೈನಸ್ 5 ಅಥವಾ 6 ಆಗುತ್ತೆ. ಇಷ್ಟಾದ್ರೆ ನಾನು ತಡೆಯಲ್ಲ. ಆದರೆ ಓಟು ಹಾಕೋಕೆ ಮುಂಚೆ 2025ರ ಆರ್‌ಸಿಬಿ ಪಂದ್ಯಗಳನ್ನ ಎರಡೂ ನಿಯಮದಲ್ಲಿ ತುಂಬಿ ನೋಡೋಣ. ಪ್ರಸಿದ್ಧ್ ಕೃಷ್ಣ ಆ ವರ್ಷ ಗುಜರಾತ್‌ಗೆ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರಲ್ಲ, ಅವರ ಪಂದ್ಯಗಳನ್ನೂ ಸೇರಿಸಿ. ನಮ್ಮ ಹುಡುಗನಿಗೆ ಹೊಸ ಲೆಕ್ಕದಲ್ಲಿ ಏನು ಸಿಗುತ್ತೆ ಅಂತ ನೋಡಬೇಕು.

ಸ್ಕೋರರ್_ಶಿವಮೊಗ್ಗ

ಆರ್‌ಸಿಬಿ ಪಂದ್ಯಗಳಲ್ಲಿ ಮೊದಲ ಏಳು ನನಗಿರಲಿ, ಎಕ್ಸ್‌ಟ್ರಾ ಬಿಡಿಸಿ ಬರೆದು ಭಾನುವಾರದ ಹೊತ್ತಿಗೆ ಶೀಟಿಗೆ ಹಾಕ್ತೀನಿ. ಉಳಿದವನ್ನ ಜೆರ್ಸಿಯವರು ತಗೊಳ್ಳಲಿ, ಫೈನಲ್ ಸಮೇತ.

ಹುಬ್ಬಳ್ಳಿ_ರೈಡರ್

ಪ್ರಸಿದ್ಧ್‌ನ ಪಂದ್ಯ ನಾ ತುಂಬತೀನ್ರಿ. ಮೇಷ್ಟ್ರ, ಆ 100 ಎಸೆತ ಸೇರಸೋ ಲೆಕ್ಕ ಶೀಟಿನ್ಯಾಗ ಹೆಂಗ ಹಾಕೂದು ಅಂತ ಒಂದು ಸಾಲು ಬರದು ಕೊಡ್ರಿ.

ಲೆಕ್ಕದ_ಮೇಷ್ಟ್ರು

ರನ್‌ಗೆ ಸರಾಸರಿ ಸ್ಟ್ರೈಕ್ ರೇಟ್‌ನ ಅಂಕಿಯನ್ನೇ ಕೂಡಿಸಿ, ಎಸೆತಕ್ಕೆ 100 ಕೂಡಿಸಿ, ಮೊದಲನೇದನ್ನ ಎರಡನೇದರಿಂದ ಭಾಗಿಸಿ ನೂರರಿಂದ ಗುಣಿಸಿ. ಸರಾಸರಿಗೆ ನನ್ನ 150 ಬಳಸಬೇಡಿ. 2025ರ ಎಲ್ಲ ಬ್ಯಾಟರ್‌ಗಳ ರನ್ ಮತ್ತು ಎಸೆತ ಕೂಡಿ ಬಂದದ್ದನ್ನ ಹಾಕಿ. ಆ ಕೂಡೋ ಕೆಲಸ ಇವತ್ತು ರಾತ್ರಿ ನಾನು ಮಾಡಿಡ್ತೀನಿ.